ಮೂಲೆ ಕಿತ್ತು ಬರದ ಬೆಡ್‌ಶೀಟ್: ಓದುಗರ ಪ್ರಶ್ನೆಗಳಿಗೆ ಉತ್ತರ

ಪ್ರ: ನಾವು ಹಾಸುವುದು ಎಲಾಸ್ಟಿಕ್ ಇರುವ ಫಿಟೆಡ್ ಶೀಟೇ. ಆದರೂ ಬೆಳಗ್ಗೆ ಏಳುವಷ್ಟರಲ್ಲಿ ಯಾವುದಾದರೊಂದು ಮೂಲೆ ಕಿತ್ತು ಮೇಲೆ ಬಂದಿರುತ್ತದೆ. ಎಲಾಸ್ಟಿಕ್ ಸಡಿಲವಾಗಿದೆ ಅಂದುಕೊಂಡು ಹೊಸ ಶೀಟ್ ತಂದೆವು, ಅದೂ ಹಾಗೇ. ದೋಷ ಎಲ್ಲಿದೆ?

ಉ: ಹೊಸ ಶೀಟೂ ಹಾಗೇ ಮಾಡುತ್ತಿದೆ ಎಂದರೆ ಮೂಲೆಯ ಆಳ ಸಾಲುತ್ತಿಲ್ಲ ಎಂದೇ ಮೊದಲು ಅನುಮಾನಿಸಬೇಕು. ಟೇಪ್ ಹಿಡಿದು ಎರಡು ಅಳತೆ ತೆಗೆಯಿರಿ. ಒಂದು, ಹಾಸಿಗೆಯ ದಪ್ಪ. ಪ್ರೊಟೆಕ್ಟರ್ (ಹಾಸಿಗೆ ಕೊಳೆಯಾಗದಂತೆ ಹಾಕುವ ಕವಚ), ಟಾಪರ್ (ಮೇಲೆ ಹಾಸುವ ತೆಳು ಮೆತ್ತೆ) ಏನೇನು ಹಾಸಿದ್ದೀರೋ ಎಲ್ಲವನ್ನೂ ಸೇರಿಸಿ ಅಳೆಯಿರಿ. ಇನ್ನೊಂದು, ಶೀಟಿನ ಮೂಲೆಯ ಹೊಲಿಗೆ ಮೇಲಿನ ತುದಿಯಿಂದ ಎಲಾಸ್ಟಿಕ್ ಅಂಚಿನವರೆಗೆ ಎಷ್ಟು ಉದ್ದವಿದೆ ಎಂಬುದು. ಈ ಎರಡನೆಯದು ದಪ್ಪಕ್ಕಿಂತ ಕನಿಷ್ಠ 8 ಸೆಂ.ಮೀ. ಹೆಚ್ಚಿರಬೇಕು, 12 ಇದ್ದರೆ ಚಿಂತೆಯಿಲ್ಲ. ಎರಡು ಮೂರು ಸೆಂ.ಮೀ. ಮಾತ್ರ ಹೆಚ್ಚಿದ್ದರೆ ಯಾವ ಎಲಾಸ್ಟಿಕ್ ಹಾಕಿದರೂ ಮೂಲೆ ನಿಲ್ಲುವುದಿಲ್ಲ.

ಮಲಗಿದಾಗ ಹಾಸಿಗೆ ನಡುವೆ ತಗ್ಗುತ್ತದೆ. ಆ ತಗ್ಗಿಗೆ ಇಳಿಯಲು ಬಟ್ಟೆಗೆ ಹೆಚ್ಚು ಉದ್ದ ಬೇಕು. ನೇಯ್ದ ಕಾಟನ್ ಹಿಗ್ಗುವುದಿಲ್ಲವಾದ್ದರಿಂದ ಅದು ಅಂಚನ್ನೇ ಮೇಲಕ್ಕೆ ಎಳೆದುಕೊಳ್ಳುತ್ತದೆ. ಉದ್ದದ ಎಳೆತ, ಅಗಲದ ಎಳೆತ ಎರಡೂ ಕೂಡುವುದು ಮೂಲೆಯಲ್ಲಿ. ಹಾಗಾಗಿ ಮೊದಲು ಸೋಲುವುದೂ ಅದೇ. ಮಗ್ಗುಲು ಬದಲಿಸಿದಾಗ ಹಾಸಿಗೆ ಮತ್ತೆ ಉಬ್ಬುತ್ತದೆ, ಆದರೆ ಮೇಲೇರಿದ ಅಂಚು ತಾನಾಗಿ ಕೆಳಗಿಳಿಯುವುದಿಲ್ಲ. ಪ್ರತಿ ಹೊರಳಾಟಕ್ಕೂ ಅದು ಒಂದಿಷ್ಟು ಏರುತ್ತಾ ಹೋಗಿ, ಹಾಸಿಗೆಯ ಕೆಳ ಅಂಚನ್ನು ದಾಟಿದ ಕ್ಷಣ ಎಲಾಸ್ಟಿಕ್ ತಿರುಗಿಬಿದ್ದು ಶೀಟನ್ನು ಮೇಲಕ್ಕೇ ಎಳೆಯುತ್ತದೆ. ಶೀಟ್ ನಿಲ್ಲುವುದು ಮೇಲೆ ಬಿಗಿಯಾಗಿರುವುದರಿಂದಲ್ಲ, ಹಾಸಿಗೆಯ ಅಡಿಗೆ ಎಷ್ಟು ಹೋಗಿದೆ ಎಂಬುದರಿಂದ. ಅಂಗಡಿಯಲ್ಲಿ ಶೀಟ್ ನೋಡುವಾಗ ನೂಲಿನ ಲೆಕ್ಕಕ್ಕಿಂತ (ಥ್ರೆಡ್ ಕೌಂಟ್) ಮೊದಲು ಕೇಳಬೇಕಾದ್ದು ಈ ಆಳವನ್ನೇ.

ಜೊತೆಗೆ ಎಲಾಸ್ಟಿಕ್ ಎಲ್ಲಿದೆ ನೋಡಿ. ಎಷ್ಟೋ ಶೀಟುಗಳಲ್ಲಿ ನಾಲ್ಕು ಮೂಲೆಯಲ್ಲಷ್ಟೇ ಒಂದೊಂದು ಗೇಣು ಇರುತ್ತದೆ. ಅಂಥದರಲ್ಲಿ ಉದ್ದದ ಬದಿಗಳನ್ನು ಒಳಕ್ಕೆ ಎಳೆಯುವವರೇ ಇಲ್ಲ. ಸುತ್ತಲೂ ಎಲಾಸ್ಟಿಕ್ ಇರುವುದನ್ನೇ ತೆಗೆದುಕೊಳ್ಳಿ.

ಪ್ರ: ಹಾಗಿದ್ದರೆ ನಮ್ಮ ಹಾಸಿಗೆಗೆ ಸರಿಯಾಗಿ ನಾವೇ ಹೊಲಿದುಕೊಳ್ಳುತ್ತೇವೆ. ಹಾಸಿಗೆ 190 ಸೆಂ.ಮೀ. ಉದ್ದ, 150 ಅಗಲ, 15 ದಪ್ಪ. ಬಟ್ಟೆ ಎಷ್ಟು, ಎಲಾಸ್ಟಿಕ್ ಎಷ್ಟು, ಹೇಗೆ ಕತ್ತರಿಸಬೇಕು?

ಉ: ಮೊದಲು ಪ್ರತಿ ಬದಿಗೂ ಕೆಳಗಿಳಿಯುವ ಬಟ್ಟೆಯ ಲೆಕ್ಕ: ದಪ್ಪಕ್ಕೆ 15, ಅಡಿಗೆ ಹೋಗಲು 12.5, ಎಲಾಸ್ಟಿಕ್ ತೂರಿಸುವ ಮಡಿಕೆಗೆ 2.5. ಒಟ್ಟು 30. ಎರಡೂ ಕಡೆ ಸೇರಿಸಿದರೆ ಉದ್ದ 250, ಅಗಲ 210 ಸೆಂ.ಮೀ. ಹೊಸ ಕಾಟನ್ ಮೊದಲ ಒಗೆತದಲ್ಲೇ ನೂರಕ್ಕೆ ಮೂರರಿಂದ ಐದರಷ್ಟು ಕುಗ್ಗಬಹುದು. 250ರಲ್ಲಿ ಅದು 12 ಸೆಂ.ಮೀ.ವರೆಗೂ ಆಗುತ್ತದೆ, ಅಂದರೆ ನೀವು ಅಡಿಗೆಂದು ಬಿಟ್ಟುಕೊಂಡ ಬಟ್ಟೆಯಲ್ಲಿ ಪ್ರತಿ ಬದಿಗೆ ಅರ್ಧದಷ್ಟು ಹೋಯಿತು. ಆದ್ದರಿಂದ 265 × 225 ತಂದು, ಒಗೆದು, ಒಣಗಿಸಿ, ಇಸ್ತ್ರಿ ಮಾಡಿ, ಆಮೇಲೆ ಕತ್ತರಿ ಹಿಡಿಯಿರಿ. ಬಟ್ಟೆಯ ಪನ್ನ (ಅಗಲ) ಸಾಲದೆ ಜೋಡಿಸಬೇಕಾಗಿ ಬಂದರೆ ಜೋಡಣೆ ಬೆನ್ನಿಗೆ ಒತ್ತುವಂತೆ ನಡುವೆ ಬರುವುದು ಬೇಡ. ಎರಡು ಬದಿಗಳಿಗೆ ಹಂಚಿ.

250 × 210ಕ್ಕೆ ಕತ್ತರಿಸಿಕೊಂಡ ಮೇಲೆ ನಾಲ್ಕೂ ಮೂಲೆಯಲ್ಲಿ ಒಂದೊಂದು ಚೌಕ ತೆಗೆಯಬೇಕು. ಚೌಕದ ಬದಿ 30 ಅಲ್ಲ, 28.5 ಸೆಂ.ಮೀ. ಉಳಿದ ಒಂದೂವರೆ ಸೆಂ.ಮೀ. ಹೊಲಿಗೆಗೆ ಹೋಗುತ್ತದೆ. 30ಕ್ಕೇ ಕತ್ತರಿಸಿ ಹೊಲಿದರೆ ಮೇಲ್ಭಾಗ ಉದ್ದಕ್ಕೂ ಅಗಲಕ್ಕೂ 3 ಸೆಂ.ಮೀ. ಕಿರಿದಾಗಿ, ಹಾಸಿಗೆಯ ಅಂಚನ್ನೇ ಬಗ್ಗಿಸುವಷ್ಟು ಬಿಗಿಯಾಗುತ್ತದೆ. ಚೌಕದ ಎರಡು ಅಂಚುಗಳನ್ನು ಉಲ್ಟಾ ಬದಿಯಲ್ಲಿ ಜೋಡಿಸಿ, ಕತ್ತರಿಸಿದ ಅಂಚಿನಿಂದ 1.5 ಸೆಂ.ಮೀ. ಒಳಗೆ ಹೊಲಿಯಿರಿ. ಎಳೆತವೆಲ್ಲ ಬೀಳುವುದು ಹೊಲಿಗೆಯ ಮೇಲಿನ ತುದಿಗೆ, ಹರಿಯುವುದೂ ಅಲ್ಲಿಂದಲೇ. ಆ ತುದಿಯಲ್ಲಿ ಎರಡು ಮೂರು ಸಲ ಹಿಂದೆ ಮುಂದೆ ಹೊಲಿದು, ಅಂಚಿನ ನೂಲು ಬಿಚ್ಚದಂತೆ ಓವರ್‌ಲಾಕ್ ಹೊಲಿಗೆ ಹಾಕಿಸಿ.

ಈಗ ಕೆಳ ಅಂಚಿನ ಸುತ್ತಳತೆ 680 ಸೆಂ.ಮೀ. ಆಯಿತು. 1 ಸೆಂ.ಮೀ. ಒಳಮಡಿಸಿ, ಮತ್ತೆ 1.5 ಮಡಿಸಿ ಹೊಲಿಯಿರಿ, ಐದಾರು ಸೆಂ.ಮೀ. ಬಾಯಿ ಬಿಟ್ಟಿರಲಿ. ಎಲಾಸ್ಟಿಕ್ 1 ಸೆಂ.ಮೀ. ಅಗಲದ್ದು ಸಾಕು. ಉದ್ದ ಸುತ್ತಳತೆಯ ನೂರಕ್ಕೆ 70, ಅಂದರೆ 476. ತುದಿಗಳನ್ನು ಒಂದರ ಮೇಲೊಂದು ಇಟ್ಟು ಹೊಲಿಯಲು 4 ಸೇರಿಸಿ 480. ಈ 70 ಎಲ್ಲಿಂದ ಬಂತು ಎಂದರೆ, ಶೀಟ್ ಹಾಸಿದ ಮೇಲೆ ಅದರ ಅಂಚು ಹಾಸಿಗೆಯ ಅಡಿಯಲ್ಲಿ ಪ್ರತಿ ಬದಿಯಿಂದಲೂ 12.5 ಸೆಂ.ಮೀ. ಒಳಗೆ ಕೂರುತ್ತದೆ. ಅಲ್ಲಿನ ಸುತ್ತಳತೆ 165 ಮತ್ತು 125ರ ಮೊತ್ತದ ಎರಡರಷ್ಟು, 580. ಎಲಾಸ್ಟಿಕ್ ಇದಕ್ಕಿಂತ ಸಾಕಷ್ಟು ಗಿಡ್ಡವಿದ್ದರೆ ಮಾತ್ರ ಕೂತ ಮೇಲೂ ಎಳೆಯುತ್ತಿರುತ್ತದೆ. ತೀರಾ ಗಿಡ್ಡ ಮಾಡಿದರೆ ಕೊನೆಯ ಮೂಲೆ ಹಾಕಲು ಇಬ್ಬರು ಬೇಕಾಗುತ್ತಾರೆ, ಹೊಲಿಗೆಯೂ ಬಿಡುತ್ತದೆ.

ತೂರಿಸುವ ಮುನ್ನ 476ನ್ನು ನಾಲ್ಕು ಪಾಲು ಮಾಡಿ, 119ಕ್ಕೊಂದರಂತೆ ಪೆನ್ನಿನಲ್ಲಿ ಗುರುತು ಹಾಕಿ. ಶೀಟಿನ ನಾಲ್ಕೂ ಬದಿಗಳ ನಡುವಿನ ಬಿಂದುಗಳಿಗೂ ಗುರುತು ಮಾಡಿ. ಬದಿಗಳು ಗಿಡ್ಡ ಉದ್ದ ಇದ್ದರೂ ಈ ಬಿಂದುಗಳ ನಡುವಿನ ಅಂತರ ಎಲ್ಲೆಡೆ 170 ಸೆಂ.ಮೀ.ಯೇ. ಸೇಫ್ಟಿ ಪಿನ್ನಿನಿಂದ ಎಲಾಸ್ಟಿಕ್ ತೂರಿಸಿ, ಗುರುತಿಗೆ ಗುರುತು ಕೂಡಿಸಿ, ಆ ನಾಲ್ಕು ಕಡೆ ಮಡಿಕೆಗೆ ಅಡ್ಡಲಾಗಿ ಒಂದು ಹೊಲಿಗೆ ಹಾಕಿಬಿಡಿ. ಹೀಗೆ ಮಾಡದಿದ್ದರೆ ಒಗೆದಾಗ ಸುರುಕೆಲ್ಲ ಒಂದು ಕಡೆ ಸೇರಿಕೊಳ್ಳುತ್ತದೆ. ಎಲಾಸ್ಟಿಕ್ಕನ್ನು ಬಟ್ಟೆಗೇ ಹಿಡಿದು ಹೊಲಿಯುವುದಾದರೆ ಜಿಗ್‌ಜ್ಯಾಗ್ ಹೊಲಿಗೆಯೇ ಆಗಬೇಕು. ನೇರ ಹೊಲಿಗೆಯ ದಾರ ಎಳೆದ ಕೂಡಲೇ ತುಂಡಾಗುತ್ತದೆ. ನಮ್ಮ ಸಲಹೆ ಮಡಿಕೆಗೇ. ಎಲಾಸ್ಟಿಕ್ ಬಟ್ಟೆಗಿಂತ ಮೊದಲು ಸಾಯುತ್ತದೆ, ಆಗ ಎಳೆದು ಬೇರೆಯದು ತೂರಿಸಬಹುದು. ಕುದಿನೀರು, ಡ್ರೈಯರ್‌ನ ಹೆಚ್ಚಿನ ಬಿಸಿ, ಕ್ಲೋರಿನ್ ಬ್ಲೀಚ್ ಮೂರೂ ಅದರ ಆಯಸ್ಸು ಕಳೆಯುತ್ತವೆ.

ಪ್ರ: ಹಾಸುವಾಗ ಯಾವುದು ಉದ್ದದ ಬದಿ ಎಂದು ಗೊತ್ತಾಗದೆ ಪ್ರತಿ ಸಲ ತಿರುಗಿಸಿ ತಿರುಗಿಸಿ ಸಾಕಾಗಿದೆ.

ಉ: ತಲೆಯ ಕಡೆಯ ಅಂಚಿನ ನಡುವೆ, ಒಳಬದಿಯಲ್ಲಿ, ಎದ್ದು ಕಾಣುವ ಬಣ್ಣದ ನಾಲ್ಕು ಬೆರಳಗಲದ ಪಟ್ಟಿ ಹೊಲಿಯಿರಿ. ಕಂಪನಿಯ ಲೇಬಲ್ ನಂಬಬೇಡಿ; ಒಬ್ಬೊಬ್ಬರು ಒಂದೊಂದು ಮೂಲೆಗೆ ಹಾಕುತ್ತಾರೆ. ಪಟ್ಟಿಯನ್ನು ತಲೆಹಲಗೆಯ ನಡುವಿಗೆ ಹಿಡಿದು, ತಲೆಯ ಒಂದು ಮೂಲೆ ಹಾಕಿ, ಅದಕ್ಕೆ ಎದುರು ಕರ್ಣದ ಕಾಲ್ಬದಿ ಮೂಲೆಗೆ ಹೋಗಿ. ಕರ್ಣದ ಎರಡು ಮೂಲೆ ಕೂತರೆ ಶೀಟ್ ಓರೆಯಾಗುವುದಿಲ್ಲ. ಕೊನೆಯ ಮೂಲೆಯೇ ಯಾವಾಗಲೂ ಬಿಗಿ. ಅದು ಕೈಗೆ ಸುಲಭವಾಗಿ ಸಿಗುವ ಜಾಗದ್ದಾಗಿರಲಿ.

ಪ್ರ: ಮನೆಯಲ್ಲಿರುವುದೆಲ್ಲ ಎಲಾಸ್ಟಿಕ್ ಇಲ್ಲದ ಸಾದಾ ಬೆಡ್‌ಶೀಟುಗಳು. ಎಷ್ಟು ಸಿಕ್ಕಿಸಿದರೂ ಬಿಚ್ಚಿಕೊಳ್ಳುತ್ತವೆ.

ಉ: ಮೇಲಿನ ಅಳತೆಯ ಹಾಸಿಗೆಗೇ ಸಾದಾ ಶೀಟ್ ನಿಲ್ಲಬೇಕಾದರೆ ಪ್ರತಿ ಬದಿ ಅಡಿಗೆ 25 ಸೆಂ.ಮೀ. ಹೋಗಬೇಕು. ಅಂದರೆ 270 × 230ರ ಶೀಟ್ ಬೇಕು. ಅಷ್ಟಿಲ್ಲದಿದ್ದರೆ ತಲೆಯ ಕಡೆಗೆ ಪೂರ್ತಿ 25 ಕೊಟ್ಟು ಕಡಿತವನ್ನು ಕಾಲಿನ ಕಡೆಗೆ ಹಾಕಿ. ಭುಜ, ಸೊಂಟದ ಭಾರ ಹೊರಳುವುದು ಮೇಲರ್ಧದಲ್ಲಿ.

ಮೂಲೆಯನ್ನು ಉಂಡೆ ಮಾಡಿ ತುರುಕಬೇಡಿ. ಆಸ್ಪತ್ರೆಗಳಲ್ಲಿ ಮಾಡುವ ಮಡಿಕೆ ಹೀಗೆ: ಮೊದಲು ತಲೆಯ ಕಡೆಯ ಅಂಚನ್ನು ಪೂರ್ತಿ ಅಡಿಗೆ ಸಿಕ್ಕಿಸಿ. ಮೂಲೆಯಿಂದ ಸುಮಾರು 40 ಸೆಂ.ಮೀ. ದೂರದಲ್ಲಿ, ಬದಿಗೆ ಜೋತಿರುವ ಅಂಚನ್ನು ಹಿಡಿದು ಮೇಲೆತ್ತಿ ಹಾಸಿಗೆಯ ಮೇಲೆ ಮಲಗಿಸಿ. ಅದು ತ್ರಿಕೋನವಾಗಿ ಕೂರುತ್ತದೆ. ಕೆಳಗೆ ಜೋತು ಉಳಿದ ತುಂಡನ್ನು ಅಡಿಗೆ ತಳ್ಳಿ. ಒಂದು ಅಂಗೈಯನ್ನು ಹಾಸಿಗೆಯ ಬದಿಗೆ ಒತ್ತಿಹಿಡಿದು, ಇನ್ನೊಂದು ಕೈಯಲ್ಲಿ ಆ ತ್ರಿಕೋನವನ್ನು ಕೆಳಗಿಳಿಸಿ ಬಿಗಿಯಾಗಿ ಎಳೆದು ಸಿಕ್ಕಿಸಿ. ಆಮೇಲೆ ಕಾಲಿನ ಕಡೆ ಇದೇ ಕ್ರಮ, ಕೊನೆಗೆ ಉದ್ದದ ಬದಿಗಳು. ಸಿಕ್ಕಿಸುವಾಗ ಅಂಗೈ ಕೆಳಮುಖವಾಗಿರಲಿ. ಮಂಚದ ಹಲಗೆಗೆ ಬೆರಳ ಗೆಣ್ಣು ತರಚುವುದು ತಪ್ಪುತ್ತದೆ.

ಹಾಸಿಗೆ ಹಗುರವಾಗಿದ್ದರೆ ಮಾತ್ರ ಇದಕ್ಕೆ ಬಲ ಕಡಿಮೆ, ಏಕೆಂದರೆ ಇಲ್ಲಿ ಶೀಟನ್ನು ಹಿಡಿಯುವುದು ಹಾಸಿಗೆಯ ತೂಕವೇ. ತೆಳು ಫೋಮ್ ಹಾಸಿಗೆಗೆ ಒಂದೇ ಬದಿಯ ಎರಡು ಮೂಲೆಗಳನ್ನು ಅಡಿಯಲ್ಲಿ ಒಂದಕ್ಕೊಂದು ಗಂಟು ಹಾಕಬಹುದು. ಗಂಟಿಗೆ ಶೀಟ್ ಸಾಲದಿದ್ದರೆ ಮೂಲೆಗಳಿಗೆ ಲಾಡಿ ಹೊಲಿಯಿರಿ.

ಪ್ರ: ಅಡಿಯಲ್ಲಿ ಕಟ್ಟುವ ಕ್ಲಿಪ್ ಪಟ್ಟಿ ತಂದಿದ್ದೆವು. ಎರಡೇ ತಿಂಗಳಲ್ಲಿ ಶೀಟ್ ಹರಿಯಿತು.

ಉ: ಕ್ಲಿಪ್ಪನ್ನು ಒಂಟಿ ಪದರಕ್ಕೆ ಕಚ್ಚಿಸಿದ್ದೀರಿ. ಅಂಚನ್ನು ಎರಡು ಮಡಿಕೆ ಮಾಡಿ ಹೊಲಿಗೆಯ ಮೇಲೆಯೇ ಕಚ್ಚಿಸಿ; ಲೋಹದ ಹಲ್ಲಿಗಿಂತ ರಬ್ಬರ್ ಒಳಪದರವಿರುವ ಕ್ಲಿಪ್ ವಾಸಿ, ತುಕ್ಕಿನ ಕಲೆಯೂ ಇರುವುದಿಲ್ಲ. ಮೂಲೆಗೆ ಅಡ್ಡಲಾಗಿ ಹಾಕುವ ಗಿಡ್ಡ ಪಟ್ಟಿ ಮೂಲೆಯನ್ನಷ್ಟೇ ಹಿಡಿಯುತ್ತದೆ. ಒಂದು ಮೂಲೆಯಿಂದ ಎದುರು ಕರ್ಣದ ಮೂಲೆಗೆ ಹೋಗುವ ಉದ್ದದ ಪಟ್ಟಿ ಇಡೀ ಶೀಟನ್ನು ಹಿಡಿಯುತ್ತದೆ, ಆದರೆ ಪ್ರತಿ ಸಲ ಹಾಸಿಗೆ ಎತ್ತಬೇಕು. ಭಾರದ ಹಾಸಿಗೆಗೆ ಮೊದಲನೆಯದೇ ಇರಲಿ.

ಪ್ರ: ಮೂಲೆಗಳು ಗಟ್ಟಿಯಾಗಿ ಕೂತಿವೆ, ಆದರೂ ನಡುವೆ ಶೀಟ್ ಮುದ್ದೆಯಾಗುತ್ತದೆ.

ಉ: ಶೀಟಲ್ಲ, ಅದರ ಕೆಳಗಿನ ಪ್ರೊಟೆಕ್ಟರ್ ಜಾರುತ್ತಿರಬೇಕು. ಶೀಟ್ ಎತ್ತಿ ನೋಡಿ. ಸುಕ್ಕು ಎರಡರಲ್ಲೂ ಒಂದೇ ಜಾಗದಲ್ಲಿದ್ದರೆ ಅದೇ ಕಾರಣ. ನಾಲ್ಕು ಮೂಲೆಗೆ ಎಲಾಸ್ಟಿಕ್ ಪಟ್ಟಿ ಮಾತ್ರ ಇರುವ ಪ್ರೊಟೆಕ್ಟರ್ ಬದಲು ಸುತ್ತಲೂ ಬದಿಯಿರುವುದನ್ನು ಹಾಕಿ. ಸ್ಯಾಟಿನ್, ಮೈಕ್ರೋಫೈಬರ್‌ನಂಥ ನುಣುಪು ಬಟ್ಟೆ ನುಣುಪು ಪ್ರೊಟೆಕ್ಟರ್ ಮೇಲೆ ನಿಲ್ಲುವುದಿಲ್ಲ. ಎರಡರಲ್ಲಿ ಒಂದಾದರೂ ಸಾದಾ ನೇಯ್ಗೆಯ ಕಾಟನ್ ಆಗಿರಲಿ. ಶೀಟಿನ ಅಳತೆಯೇ ಹಾಸಿಗೆಗಿಂತ ದೊಡ್ಡದಿದ್ದರೂ ಹೀಗಾಗುತ್ತದೆ, ಅದನ್ನು ಟೇಪ್ ಹೇಳುತ್ತದೆ.

ಪ್ರ: ಮಂಚ ಎರಡು ಕಡೆ ಗೋಡೆಗೆ ತಾಗಿದೆ, ಹಾಸಿಗೆ ಭಾರ, ನನಗೆ ಬೆನ್ನುನೋವು. ಎತ್ತದೆ ಶೀಟ್ ಬದಲಿಸುವ ದಾರಿ ಇದೆಯೇ?

ಉ: ಎರಡು ಭಾಗದ ಶೀಟ್ ಹೊಲಿಸಿ. ಬದಿ ಮತ್ತು ಅಡಿಯ ಎಲಾಸ್ಟಿಕ್ ಭಾಗ ಹಾಸಿಗೆಗೆ ಕಾಯಂ ಆಗಿರುತ್ತದೆ. ಮಲಗುವ ಮೇಲಿನ ತುಂಡು ಸುತ್ತಲೂ ಜಿಪ್‌ನಿಂದ ಅದಕ್ಕೆ ಸೇರುತ್ತದೆ. ವಾರ ವಾರ ಒಗೆಯುವುದು ಮೇಲಿನದನ್ನು ಮಾತ್ರ. ಜಿಪ್ 5 ನಂಬರಿನ ನೈಲಾನ್‌ದಿರಲಿ, ಹಾಸಿಗೆಯ ಮೇಲಂಚಿನಿಂದ 5–6 ಸೆಂ.ಮೀ. ಕೆಳಗೆ ಬದಿಯಲ್ಲಿ ಬರಲಿ. ಅಂಚಿನ ಮೇಲೇ ಬಂದರೆ ಕೂತಾಗ ತೊಡೆಗೆ ಒತ್ತುತ್ತದೆ. ಗೋಡೆಯ ಸಂದಿಯಲ್ಲಿ ರನ್ನರ್ ಎಳೆಯಲು ಕಷ್ಟವಾದ್ದರಿಂದ ಗೋಡೆಗೆ ತಾಗಿದ ಎರಡು ಬದಿಗಳಲ್ಲಿ ಜಿಪ್ ಬದಲು ಪ್ರೆಸ್ ಬಟನ್ ಹಾಕಿಸಿ, 15 ಸೆಂ.ಮೀ.ಗೊಂದರಂತೆ. ಇದು ಕೆಡುವುದು ಒಂದೇ ಕಾರಣಕ್ಕೆ: ಜಿಪ್‌ನ ಪಟ್ಟಿ ಕುಗ್ಗುವುದಿಲ್ಲ, ಕಾಟನ್ ಕುಗ್ಗುತ್ತದೆ. ಒಗೆಯದ ಬಟ್ಟೆಗೆ ಹೊಲಿದರೆ ಮೊದಲ ಒಗೆತಕ್ಕೇ ಜಿಪ್ ಅಲೆ ಅಲೆಯಾಗಿ ನಿಂತು ರನ್ನರ್ ಸಿಕ್ಕಿಕೊಳ್ಳುತ್ತದೆ.

ಪ್ರ: ಮಗುವಿನ ತೊಟ್ಟಿಲು ಮಂಚಕ್ಕೂ, ಹಾಸಿಗೆ ಹಿಡಿದ ಹಿರಿಯರ ಏರ್‌ಬೆಡ್‌ಗೂ ಇದೇ ಅಳತೆ ನಡೆಯುತ್ತದೆಯೇ?

ಉ: ಮಗುವಿನದಕ್ಕೆ ಲೆಕ್ಕ ಅದೇ, ಜಾಗ್ರತೆ ಹೆಚ್ಚು. ಶೀಟ್ ಹಾಸಿದ ಮೇಲೆ ಪ್ರತಿ ಮೂಲೆಯನ್ನೂ ಮೇಲಿನಿಂದ ಚಿವುಟಿ ಎಳೆಯಿರಿ. ಕಿತ್ತು ಬಂದರೆ ಆ ಶೀಟ್ ಬೇಡವೇ ಬೇಡ, ಸಡಿಲ ಬಟ್ಟೆ ಕೂಸಿನ ಮುಖಕ್ಕೆ ಮುಚ್ಚಿಕೊಳ್ಳಬಹುದು. ಒಗೆದಂತೆಲ್ಲ ಕುಗ್ಗುವುದರಿಂದ ಈ ಪರೀಕ್ಷೆ ಪ್ರತಿ ಸಲವೂ ಆಗಬೇಕು. ಕ್ಲಿಪ್, ಪಟ್ಟಿ, ಲಾಡಿ ಯಾವುದೂ ಅಲ್ಲಿ ಬೇಡ. ವರ್ಷ ತುಂಬುವವರೆಗೆ ದಿಂಬು, ರಜಾಯಿಯೂ ಬೇಡ. ರಾತ್ರಿ ಒದ್ದೆ ಮಾಡುವ ದೊಡ್ಡ ಮಕ್ಕಳ ಹಾಸಿಗೆಗೆ ಪ್ರೊಟೆಕ್ಟರ್, ಶೀಟ್, ಅದರ ಮೇಲೆ ಮತ್ತೊಂದು ಪ್ರೊಟೆಕ್ಟರ್, ಶೀಟ್ ಹಾಸಿಡಿ. ನಡುರಾತ್ರಿ ಮೇಲಿನ ಜೋಡಿಯನ್ನು ಸುಲಿದು ತೆಗೆದರೆ ಕೆಲಸ ಮುಗಿಯಿತು.

ಗಾಳಿ ತುಂಬಿ ಇಳಿಯುವ ಏರ್‌ಬೆಡ್‌ಗೆ ಮಾತ್ರ ಎಲ್ಲ ಉಲ್ಟಾ. ಅಲ್ಲಿ ಬಿಗಿ ಶೀಟ್ ಹಾಕಿದರೆ ದೇಹ ಗಾಳಿಚೀಲಗಳ ಮೇಲೆ ಇಳಿಯದೆ, ಕಟ್ಟಿದ ಜೋಲಿಯ ಮೇಲೆ ಮಲಗಿದಂತೆ ಬಟ್ಟೆಯ ಮೇಲೆಯೇ ನಿಲ್ಲುತ್ತದೆ. ಒತ್ತಡದ ಹುಣ್ಣು ತಪ್ಪಿಸಬೇಕಾದ ಸಾಧನ ಕೆಲಸವನ್ನೇ ಮಾಡುವುದಿಲ್ಲ. ಟೀಶರ್ಟಿನಂಥ ಹಿಗ್ಗುವ ಹೆಣಿಗೆ ಬಟ್ಟೆಯ ಒಂದೇ ಪದರವನ್ನು ಸಡಿಲವಾಗಿ ಹಾಸಿ, ಸುಕ್ಕನ್ನು ಕೈಯಿಂದ ಸವರಿ. ಗಾಳಿಯ ಕೊಳವೆ ಶೀಟಿನ ಮಡಿಕೆಗೆ ಸಿಕ್ಕಿ ಮಡಚಿಕೊಳ್ಳದಂತೆ ನೋಡಿ. ರೋಗಿ ಮಲಗಿದ್ದಾಗಲೇ ಬದಲಿಸಬೇಕೆಂದರೆ ಒಂದು ಮಗ್ಗುಲಿಗೆ ಹೊರಳಿಸಿ, ಹಳೆಯದನ್ನು ಉದ್ದಕ್ಕೆ ಸುರುಳಿ ಸುತ್ತಿ ಬೆನ್ನಿಗೆ ತಾಗಿಸಿ. ಖಾಲಿಯಾದ ಅರ್ಧಕ್ಕೆ ಹೊಸದನ್ನು ಹಾಸಿ ಉಳಿದರ್ಧವನ್ನು ಅದೇ ಸುರುಳಿಯ ಪಕ್ಕ ಸುತ್ತಿಡಿ. ಇನ್ನೊಂದು ಮಗ್ಗುಲಿಗೆ ಹೊರಳಿಸಿ ಹಳೆಯದನ್ನು ತೆಗೆದು ಹೊಸದನ್ನು ಬಿಡಿಸಿ. ಹೊರಳಿಸುವ ಕಡೆ ಒಬ್ಬರು ನಿಂತಿರಬೇಕು, ಇಲ್ಲವೇ ಮಂಚದ ತಡೆ ಮೇಲಿರಬೇಕು. ಮೈಯನ್ನು ಶೀಟಿನ ಮೇಲೆ ಎಳೆಯಬೇಡಿ, ಚರ್ಮ ಕಿತ್ತುಬರುತ್ತದೆ.

ಪ್ರ: ಶೀಟ್ ಸರಿ, ರಜಾಯಿ ಕವರಿನೊಳಗೆ ಮುದ್ದೆಯಾಗುವುದಕ್ಕೆ ಏನು ಮಾಡಬೇಕು?

ಉ: ಕವರಿನ ಒಳಗಿನ ನಾಲ್ಕು ಮೂಲೆಗೆ 20 ಸೆಂ.ಮೀ. ಉದ್ದದ ಜೋಡಿ ಲಾಡಿ, ರಜಾಯಿಯ ಮೂಲೆಗಳಿಗೆ ಒಂದೊಂದು ಕುಣಿಕೆ ಹೊಲಿಯಿರಿ. ಎರಡು ಮೀಟರಿಗಿಂತ ಉದ್ದದ್ದಾದರೆ ಬದಿಗಳ ನಡುವೆಯೂ ಒಂದೊಂದು. ಕವರ್ ತೊಡಿಸಲು ಅದನ್ನು ಉಲ್ಟಾ ಮಾಡಿ ಮಂಚದ ಮೇಲೆ ಹರಡಿ, ತೆರೆದ ಬಾಯಿ ಕಾಲಿನ ಕಡೆ ಇರಲಿ. ಮೇಲೆ ರಜಾಯಿ ಹಾಸಿ ಲಾಡಿ ಕಟ್ಟಿ. ತಲೆಯ ಕಡೆಯಿಂದ ಎರಡನ್ನೂ ಸೇರಿಸಿ ಸುರುಳಿ ಸುತ್ತುತ್ತಾ ಬಾಯಿಯವರೆಗೆ ಬನ್ನಿ. ಕವರಿನ ಬಾಯಿಯನ್ನು ಸುರುಳಿಯ ಎರಡೂ ತುದಿಗಳ ಮೇಲೆ ಮಗುಚಿ ಹಾಕಿ, ಗುಂಡಿ ಹಾಕಿ, ತಲೆಯ ಕಡೆಗೆ ಬಿಚ್ಚುತ್ತಾ ಹೋಗಿ. ಬಾಯಿ ಪೂರ್ತಿ ಅಗಲಕ್ಕೆ ತೆರೆಯದ ಕವರಿಗೆ ಈ ವಿಧಾನದಲ್ಲಿ ತುದಿಗಳು ಸಿಕ್ಕಿಕೊಳ್ಳುತ್ತವೆ. ಬದಿಯ ಹೊಲಿಗೆಯನ್ನು ಒಂದು ಗೇಣು ಬಿಚ್ಚಿ ಅಲ್ಲಿಗೂ ಗುಂಡಿ ಹಾಕಿಸಿ.