ಗುಟ್ಟು ಅವರದು, ಮಾತು ಕೇಳುತ್ತಿರುವವರು ನೀವು

ಪ್ರಶ್ನೆ: ನನಗೆ 34 ವರ್ಷ, ಮದುವೆಯಾಗಿ ಏಳು ವರ್ಷವಾಯಿತು. ಪತಿಯ ವೀರ್ಯಾಣು ಸಂಖ್ಯೆ ತೀರಾ ಕಡಿಮೆಯಿದೆ. ಇದನ್ನು ಯಾರಿಗೂ ಹೇಳಬಾರದೆಂದು ಅವರು ನನ್ನಿಂದ ಮಾತು ತೆಗೆದುಕೊಂಡಿದ್ದಾರೆ. ಎರಡು ಬಾರಿ ಐವಿಎಫ್ (ಪ್ರನಾಳ ಶಿಶು) ಚಿಕಿತ್ಸೆ ವಿಫಲವಾಗಿದೆ. ಎರಡನೆಯ ಸಲ ರಕ್ತಪರೀಕ್ಷೆಯ ಫಲಿತಾಂಶ ವಾಟ್ಸ್‌ಆ್ಯಪ್‌ಗೆ ಬಂದಾಗ ಅವರು ಮೊಬೈಲನ್ನು ಬೋರಲು ಹಾಕಿ, ‘ಗ್ಯಾಸ್ ಬುಕ್ ಮಾಡಬೇಕಿತ್ತು’ ಎಂದರು. ಈಗ ಮೂರನೆಯದಕ್ಕೆ ಅವಸರಿಸುತ್ತಿದ್ದಾರೆ, ಆಪ್ತಸಮಾಲೋಚನೆ ಎಂದರೆ ಸಿಡುಕುತ್ತಾರೆ. ‘ನಿನ್ನ ಟೆನ್ಷನ್‌ನಿಂದಲೇ ಗರ್ಭ ನಿಲ್ಲುತ್ತಿಲ್ಲ’ ಎಂದು ಅತ್ತೆ ದೂರುತ್ತಾರೆ. ಅವರಿಗೆ ಸತ್ಯ ಹೇಳಿಬಿಡಲೇ? ಮುಂದಿನ ತಿಂಗಳು ನಾದಿನಿಯ ಸೀಮಂತ ಬೇರೆ ಇದೆ.
– ಹೆಸರು ಬೇಡ, ದಾವಣಗೆರೆ

ಉತ್ತರ: ಮೊದಲು ಟೆನ್ಷನ್‌ನ ಅಪವಾದವನ್ನು ತಲೆಯಿಂದ ತೆಗೆದುಹಾಕಿ. 14 ಅಧ್ಯಯನಗಳನ್ನು ಒಟ್ಟುಗೂಡಿಸಿ 2011ರಲ್ಲಿ ಬ್ರಿಟಿಷ್ ಮೆಡಿಕಲ್ ಜರ್ನಲ್ ಪ್ರಕಟಿಸಿದ ವಿಶ್ಲೇಷಣೆಯಲ್ಲಿ, ಚಿಕಿತ್ಸೆಗೆ ಮುನ್ನ ಮಹಿಳೆಯರಲ್ಲಿದ್ದ ಆತಂಕ, ಖಿನ್ನತೆಗಳಿಗೂ ಆ ಸುತ್ತಿನಲ್ಲಿ ಗರ್ಭ ನಿಲ್ಲುವುದಕ್ಕೂ ಸಂಬಂಧ ಕಂಡುಬರಲಿಲ್ಲ. ಮನಸ್ಸಿಗೆ ಆರೈಕೆ ಬೇಕಿರುವುದು ನೀವು ನೋಯುತ್ತಿರುವುದರಿಂದ, ಮಗುವಿನ ಸಲುವಾಗಿ ಅಲ್ಲ.

ಅತ್ತೆಗೆ ನೀವಾಗಿ ಹೇಳುವುದು ಬೇಡ. ಆ ವರದಿ ನಿಮ್ಮ ಪತಿಯ ದೇಹಕ್ಕೆ ಸಂಬಂಧಿಸಿದ್ದು. ಆದರೆ ಗುಟ್ಟು ಕಾಪಾಡುತ್ತೇನೆಂದು ಕೊಟ್ಟ ಮಾತಿನಲ್ಲಿ ಅವರ ಪಾಲಿನ ನಿಂದೆಯನ್ನೂ ಹೊರುತ್ತೇನೆಂಬುದು ಸೇರಿರಲಿಲ್ಲ. ಇದನ್ನು ಪತಿಗೆ ನೇರವಾಗಿ ಹೇಳಿ, ಅವರ ಬಾಯಿಂದಲೇ ತಾಯಿಗೆ ಒಂದು ಮಾತು ಹೇಳಿಸಿ: ‘ಅಮ್ಮ, ಚಿಕಿತ್ಸೆ ನಮ್ಮಿಬ್ಬರಿಗೂ ನಡೀತಿದೆ. ಈ ವಿಷಯ ಕೇಳೋದಿದ್ರೆ ಇನ್ಮೇಲೆ ನನ್ನನ್ನೇ ಕೇಳು.’ ಇದರಲ್ಲಿ ಸುಳ್ಳೂ ಇಲ್ಲ, ಗುಟ್ಟೂ ಒಡೆಯುವುದಿಲ್ಲ. ಅಷ್ಟನ್ನೂ ಹೇಳಲಾರೆನೆಂದು ಪತಿ ಅಂದರೆ, ಗುಟ್ಟು ಕಾಪಾಡುವ ಮಾತಿಗೆ ನೀವು ಬದ್ಧರಾಗಿರಬೇಕೇ ಎಂಬುದನ್ನು ಮತ್ತೊಮ್ಮೆ ಯೋಚಿಸಬೇಕಾಗುತ್ತದೆ.

ಗ್ಯಾಸ್ ಬುಕ್ಕಿಂಗಿನ ಮಾತು ನಿಮಗೆ ಇಂದಿಗೂ ಚುಚ್ಚುತ್ತಿದೆ. ವೀರ್ಯಾಣು ಸಂಖ್ಯೆಯನ್ನೇ ಗಂಡಸುತನದ ಅಳತೆಗೋಲೆಂದು ನಂಬಿಸಿರುವ ಸಮಾಜದಲ್ಲಿ ಆ ವರದಿ ಕೈಗೆ ಬಂದ ಗಂಡಸಿಗೆ ಅಳುವುದಕ್ಕೆ ಜಾಗವಿರುವುದಿಲ್ಲ. ಮೂರನೆಯ ಸುತ್ತಿನ ಅವಸರವೂ ಆ ಮೌನವನ್ನು ದಾಟಿಹೋಗುವ ದಾರಿಯಾಗಿರಬಹುದು. ಹಾಗೆಂದು ಅವರ ಮೌನದ ಬೆಲೆಯನ್ನು ನಿಮ್ಮ ದೇಹ ತೆರಬೇಕಿಲ್ಲ. ಚುಚ್ಚುಮದ್ದು, ಅಂಡಾಣು ಸಂಗ್ರಹ, ಭ್ರೂಣ ವರ್ಗಾವಣೆಯ ನಂತರದ ಎರಡು ವಾರಗಳ ಕಾಯುವಿಕೆ, ಎಲ್ಲವೂ ನಿಮ್ಮ ಮೇಲೆ ನಡೆಯುವಂಥವು. ಆದ್ದರಿಂದ ಎಷ್ಟು ತಿಂಗಳು ಬಿಡುವು ತೆಗೆದುಕೊಳ್ಳಬಹುದೆಂದು ವೈದ್ಯರನ್ನು ಕೇಳಿ, ಎಲ್ಲಿಗೆ ನಿಲ್ಲಿಸಬೇಕೆಂಬುದನ್ನು ಶುರುಮಾಡುವ ಮುನ್ನವೇ ಇಬ್ಬರೂ ಕೂತು ನಿರ್ಧರಿಸಿ.

ಆಪ್ತಸಮಾಲೋಚನೆ ಎಂದರೆ ಸಿಡುಕುವವರಿಗೆ ಅದನ್ನು ಚಿಕಿತ್ಸೆಯ ಭಾಗವೆಂದೇ ಹೇಳಿ. ಅದು ನಿಜವೂ ಹೌದು. ಇಂತಹ ಚಿಕಿತ್ಸಾ ಕೇಂದ್ರಗಳು ದಂಪತಿಗೆ ವೃತ್ತಿಪರ ಸಮಾಲೋಚನೆ ಒದಗಿಸಬೇಕೆಂದು 2021ರ ಸಹಾಯಕ ಸಂತಾನೋತ್ಪತ್ತಿ ತಂತ್ರಜ್ಞಾನ (ನಿಯಂತ್ರಣ) ಕಾಯ್ದೆಯೇ ಹೇಳುತ್ತದೆ. ಪತಿ ಬಾರದಿದ್ದರೆ ನೀವೊಬ್ಬರೇ ಹೋಗಿ. ನಿದ್ದೆ ಕೆಟ್ಟಿದ್ದರೆ, ಬದುಕೇ ಬೇಡವೆನಿಸಿದರೆ ಕಾಯಬೇಡಿ. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ 14416ಕ್ಕೆ ಹಗಲು ರಾತ್ರಿಯೆನ್ನದೆ ಉಚಿತವಾಗಿ ಕರೆ ಮಾಡಿ ಕನ್ನಡದಲ್ಲೇ ಮಾತನಾಡಬಹುದು.

ಇನ್ನು ಸೀಮಂತ. ‘ಏನಾದರೂ ವಿಶೇಷವಾ?’ ಎಂಬ ಪ್ರಶ್ನೆ ಅಲ್ಲಿ ಹತ್ತು ಬಾಯಿಂದ ಬರುತ್ತದೆ. ಮನಸ್ಸಾದರೆ ಹೋಗಿ ಅಕ್ಷತೆ ಹಾಕಿ, ಊಟಕ್ಕೆ ಮುಂಚೆ ಹೊರಟುಬನ್ನಿ. ಮನಸ್ಸಾಗದಿದ್ದರೆ ಹೋಗಬೇಡಿ. ನೀವೇಕೆ ಬರಲಿಲ್ಲವೆಂದು ಮನೆಯವರಿಗೆ ಉತ್ತರಿಸುವ ಹೊಣೆಯನ್ನು ನಿಮ್ಮ ಪತಿಗೆ ಮುಂಚಿತವಾಗಿಯೇ ಒಪ್ಪಿಸಿಬಿಡಿ.