ತೂಕದ ನೋಟ್‌ಬುಕ್

"ಮಗು ಏನೂ ತಿನ್ನಲ್ಲ ಮೇಡಂ." ತಿಂಗಳಿಗೆ ಎರಡು ಮೂರು ಸಲವಾದರೂ ಈ ಮಾತು ಕೇಳುತ್ತೇನೆ. ಅದಕ್ಕೇ ಒಂದು ಪ್ರಕರಣ ಬರೆಯುತ್ತಿದ್ದೇನೆ. ಗುರುತು ಸಿಗದ ಹಾಗೆ ವಿವರ ಬದಲಿಸಿದ್ದೇನೆ.

16 ತಿಂಗಳ ಹೆಣ್ಣುಮಗು. ತುಂಬಿದ ಮನೆ. ಓರಗಿತ್ತಿಗೂ ಅದೇ ವಯಸ್ಸಿನ ಮಗ, 11 ಕೆ.ಜಿ. ಇವಳು 9.1. ಆ ತಾಯಿ ನನ್ನ ಹತ್ತಿರ ಬಂದಿದ್ದು ತಮಗೆ ನಿದ್ದೆ ಬರಲ್ಲ ಅಂತ.

ಎರಡನೇ ಭೇಟಿಯಲ್ಲಿ ಬ್ಯಾಗಿನಿಂದ ಒಂದು ನೋಟ್‌ಬುಕ್ ತೆಗೆದರು. ದಿನಾ ಬೆಳಿಗ್ಗೆ ಮಗುವನ್ನು ಎತ್ತಿಕೊಂಡು ತೂಕದ ಯಂತ್ರದ ಮೇಲೆ ನಿಲ್ಲುವುದು, ಆಮೇಲೆ ತಾವೊಬ್ಬರೇ ನಿಲ್ಲುವುದು, ಕಳೆದು ಬರೆಯುವುದು. 9.0, 9.3, 8.9. ಕಡಿಮೆಯಾದ ದಿನಗಳ ಸುತ್ತ ಕೆಂಪು ಪೆನ್ನಿನ ಗೆರೆ.

"ಒಂದು ಬಾಟಲಿ ಹಾಲು, ಒಂದು ಒದ್ದೆ ಡೈಪರ್, ಅಷ್ಟೇ ವ್ಯತ್ಯಾಸ ಅಲ್ವಾ?" ಅಂದೆ. ಅವರು ನಗಲಿಲ್ಲ.

"ಅವಳ ತೂಕ ಏರದಿದ್ರೆ ಮನೇಲಿ ನನ್ನ ಮಾತಿಗೆ ತೂಕ ಇರಲ್ಲ ಮೇಡಂ."

ತಮಾಷೆ ಮಾಡಿದ್ದಕ್ಕೆ ನನಗೇ ನಾಚಿಕೆಯಾಯಿತು. ನಿದ್ದೆ ಕೆಡಿಸಿದ್ದು ಏನು ಅಂತ ಆಗ ಗೊತ್ತಾಯಿತು.

ತಾಯಿ ಕಾರ್ಡ್, ಅಂದರೆ ತಾಯಿ-ಮಗುವಿನ ಆರೋಗ್ಯದ ವಿವರ ಬರೆದಿಡುವ ಸರ್ಕಾರಿ ಕಾರ್ಡ್, ತೆಗೆಸಿದೆ. ಅದರಲ್ಲಿ ವಯಸ್ಸಿಗೆ ತಕ್ಕ ತೂಕ ತೋರಿಸುವ ನಕ್ಷೆ ಹೆಣ್ಣಿಗೊಂದು, ಗಂಡಿಗೊಂದು ಬೇರೆ ಇದೆ. ಓರಗಿತ್ತಿಯ ಮಗನ ಜೊತೆ ಹೋಲಿಸುವುದೇ ತಪ್ಪು. ಹುಟ್ಟಿದಾಗ 2.8 ಕೆ.ಜಿ., ವರ್ಷಕ್ಕೆ 8.6. ಅಂದರೆ ಮೂರು ಪಟ್ಟು, ಸರಿಯಾಗೇ ಇದೆ. ಎರಡನೇ ವರ್ಷ ಪೂರ್ತಿ ಸೇರಿ ಏರುವುದೇ ಎರಡು, ಎರಡೂವರೆ ಕೆ.ಜಿ. ಬೆಳವಣಿಗೆ ನಿಧಾನವಾದಾಗ ಹಸಿವೂ ಕಡಿಮೆ. ಚುಕ್ಕಿಗಳನ್ನು ಅವರ ಕೈಯಲ್ಲೇ ಇಡಿಸಿದೆ. ಎಲ್ಲವೂ ಹಸಿರಿನೊಳಗೇ, ಅಂದರೆ ಸರಿಯಾದ ತೂಕದ ಪಟ್ಟಿಯೊಳಗೇ ಬಿದ್ದವು.

ಆಮೇಲೆ ಹಾಲಿನ ಲೆಕ್ಕ ಕೇಳಿದೆ. ಊಟ ಮಾಡಲ್ಲ ಅಂತ ದಿನಕ್ಕೆ ಐದು ಬಾಟಲಿ, ಹತ್ತಿರ ಹತ್ತಿರ ಒಂದು ಲೀಟರ್! ಹೊಟ್ಟೆ ತುಂಬಿದ ಮಗು ಅನ್ನಕ್ಕೆ ಯಾಕೆ ಬಾಯಿ ತೆರೆಯುತ್ತೆ? ಹಾಲಿನಲ್ಲಿ ಕಬ್ಬಿಣದ ಅಂಶವೂ ತೀರಾ ಕಡಿಮೆ. ರಕ್ತಹೀನತೆ ಇದೆಯಾ ಅಂತ ನೋಡಿಸಲು ಮಕ್ಕಳ ಡಾಕ್ಟರ ಹತ್ತಿರ ಕಳಿಸಿದೆ. ಹಾಲು ಅರ್ಧ ಲೀಟರ್ ದಾಟದಿರಲಿ, ಅದೂ ಊಟ ಆದಮೇಲೆ, ಲೋಟದಲ್ಲಿ. ಮೊಬೈಲ್ ಬೇಡ. ಎಲ್ಲರ ಜೊತೆ ಕೂರಿಸಿ ಅವಳಿಗೂ ಒಂದು ತಟ್ಟೆ ಇಡಿ. ಚೆಲ್ಲಲಿ. ಅರ್ಧ ಗಂಟೆ ಆಯ್ತಾ, ತಟ್ಟೆ ಎತ್ತಿ. ತೂಕ ತಿಂಗಳಿಗೊಮ್ಮೆ, ಅಂಗನವಾಡಿಯಲ್ಲೇ.

ಅತ್ತೆ ಫೋನ್ ಮಾಡಿದರು. "ಎಳೇ ಮಗೂನ ಉಪವಾಸ ಕೆಡವಿ ಅಂತೀರಲ್ಲ?" ಇಲ್ಲಮ್ಮ, ಹಸಿಯೋಕೆ ಬಿಡಿ ಅಂದೆ, ಅಷ್ಟೇ. ಅಳುವ ಮಗುವಿನ ಮೂಗು ಹಿಡಿದು ತುರುಕುವುದನ್ನು ನಾನು ಯಾವ ಕಾರಣಕ್ಕೂ ಒಪ್ಪಲ್ಲ. ಹಾಗಂತ ಎಲ್ಲ ಮಕ್ಕಳಿಗೂ "ಸುಮ್ನಿರಿ, ಸರಿ ಹೋಗುತ್ತೆ" ಅನ್ನುವವಳೂ ಅಲ್ಲ. ನಕ್ಷೆಯ ಗೆರೆ ಕೆಳಗೆ ಜಾರುತ್ತಿದ್ದರೆ, 18 ತಿಂಗಳಾದರೂ ನಡೆಯದಿದ್ದರೆ, ಕರೆದರೆ ತಿರುಗಿ ನೋಡದಿದ್ದರೆ ಕಾಯಬೇಡಿ, ಡಾಕ್ಟರಿಗೆ ತೋರಿಸಿ.

ಎರಡು ತಿಂಗಳಾದ ಮೇಲೆ ಬಂದಾಗ ಮಗು 9.4. ನೋಟ್‌ಬುಕ್ ಎಲ್ಲಿ ಅಂದೆ. ಅವಳೇ ಗೀಚಿ ಹರಿದು ಹಾಕಿದಳಂತೆ. ಸಂಜೆ ಒಂದು ಬಾಟಲಿ ಹಾಲು ಅತ್ತೆ ಈಗಲೂ ಕದ್ದು ಕುಡಿಸುತ್ತಾರಂತೆ. ಆ ಜಗಳಕ್ಕೆ ನಾನು ಹೋಗಲಿಲ್ಲ.