ಮುಚ್ಚಿಡಲು ಏನೂ ಇಲ್ಲವೇ?

ಶಿರಸಿಯ ಓದುಗರೊಬ್ಬರು ಬರೆದಿದ್ದಾರೆ: "ಕಳೆದ ಸಂಚಿಕೆಯಲ್ಲಿ ಖಾಸಗಿತನದ ಬಗ್ಗೆ ಅಷ್ಟುದ್ದ ಬರೆದಿರಿ. ನಾನೇನು ಕಳ್ಳನಲ್ಲ, ಮುಚ್ಚಿಡುವಂಥದ್ದೂ ಇಲ್ಲ. ಸರ್ಕಾರ ನನ್ನ ಫೋನ್ ನೋಡಿದರೆ ನೋಡಲಿ ಬಿಡಿ. ಹೊಸ ಕಾನೂನೂ ಬಂದಿದೆಯಲ್ಲ, ಇನ್ನೇನು ಚಿಂತೆ?"

ನಮಸ್ಕಾರ. ಮೊದಲು ನಮ್ಮ ಬೀದಿಯ ಮೆಡಿಕಲ್ ಶಾಪಿನ ಕತೆ ಕೇಳಿ. ಅಮ್ಮನ ಶುಗರ್ ಮಾತ್ರೆ ತರಲು ಹೋಗಿದ್ದೆ. ಬಿಲ್ ಹಾಕುವ ಹುಡುಗ ತಲೆ ಎತ್ತದೆ "ನಂಬರ್ ಹೇಳಿ ಸಾರ್" ಎಂದ. ಹಿಂದೆ ನಾಲ್ಕು ಜನ ನಿಂತಿದ್ದರು, ಹೇಳಿಬಿಟ್ಟೆ. ವಾರದೊಳಗೆ ಮೆಸೇಜುಗಳು ಶುರು: ಶುಗರ್ ಟೆಸ್ಟಿಗೆ ರಿಯಾಯಿತಿ, ಪಾದದ ತಪಾಸಣೆ, ಕೊನೆಗೆ ಆರೋಗ್ಯ ವಿಮೆ. ನಾನೂ ಕಳ್ಳನಲ್ಲ ಸ್ವಾಮಿ. ಆದರೆ ಅಮ್ಮನ ಕಾಯಿಲೆ ಯಾರಿಗೆಲ್ಲ ಗೊತ್ತಾಗಬೇಕು ಅನ್ನೋದನ್ನು ಅಮ್ಮನೇ ಹೇಳಬೇಕು, ಅಲ್ವಾ?

ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ 2012ರಲ್ಲಿ ಆಧಾರ್ ವಿರುದ್ಧ ಸುಪ್ರೀಂ ಕೋರ್ಟಿಗೆ ಹೋದಾಗ ಅವರಿಗೆ 86 ವರ್ಷ. (ಆ ವಯಸ್ಸಿಗೆ ನಾನು ಕನ್ನಡಕ ಹುಡುಕುತ್ತಾ ಇರುತ್ತೇನೆ.) ಖಾಸಗಿತನ ಮೂಲಭೂತ ಹಕ್ಕೇ ಅಲ್ಲ ಎಂದು ಸರ್ಕಾರ ವಾದಿಸಿತು. 2017ರ ಆಗಸ್ಟ್ 24ರಂದು ಒಂಬತ್ತೂ ನ್ಯಾಯಮೂರ್ತಿಗಳು ಹಕ್ಕು ಹೌದು ಎಂದರು.

ಇನ್ನು ನೀವು ಹೇಳಿದ 2023ರ ಡೇಟಾ ಕಾಯ್ದೆ. ಅಂಗಡಿ, ಆ್ಯಪ್‌ಗಳ ಮಟ್ಟಿಗೆ ಚೆನ್ನಾಗಿಯೇ ಇದೆ. ಕೆಲಸಕ್ಕೆ ಬೇಕಾದಷ್ಟೇ ಮಾಹಿತಿ ಕೇಳಬೇಕು. ಫೋನಿನಲ್ಲೇ ಡಾಕ್ಟರ್ ಸಲಹೆ ಕೊಡಿಸುವ ಆ್ಯಪ್ ನಿಮ್ಮ ಕಾಂಟ್ಯಾಕ್ಟ್ ಲಿಸ್ಟನ್ನೂ ಕೇಳಿತು ಅನ್ನಿ. ನೀವು ಓಕೆ ಒತ್ತಿದ್ದರೂ ಲಿಸ್ಟಿನ ಮಟ್ಟಿಗೆ ಆ ಒಪ್ಪಿಗೆ ನಡೆಯದು. ಈ ಉದಾಹರಣೆ ಕಾಯ್ದೆಯಲ್ಲೇ ಇದೆ. ಕಾಯ್ದೆಯಲ್ಲಿರುವ ಅತಿ ದೊಡ್ಡ ದಂಡ 250 ಕೋಟಿ ರೂಪಾಯಿವರೆಗೆ.

ಸರ್ಕಾರದ ವಿಷಯ ಬಂದಾಗ ಬಿಗಿ ಸಡಿಲ. ದೇಶದ ಭದ್ರತೆ, ಸಾರ್ವಜನಿಕ ಸುವ್ಯವಸ್ಥೆಯ ಕಾರಣ ಕೊಟ್ಟು ಕೇಂದ್ರವು ತನ್ನ ಯಾವುದೇ ಸಂಸ್ಥೆಯನ್ನು ಕಾಯ್ದೆಯಿಂದ ಹೊರಗಿಡಬಹುದು. 17ನೇ ಕಲಮು ಓದಿ ನೋಡಿ. ಫೋನ್ ಕದ್ದಾಲಿಕೆಗೆ ಆದೇಶ ಕೊಡುವವರು ಗೃಹ ಕಾರ್ಯದರ್ಶಿ. ಅದು ಸರಿಯೇ ಎಂದು ನೋಡುವ ಸಮಿತಿಯಲ್ಲೂ ಕಾರ್ಯದರ್ಶಿಗಳೇ. ಒಬ್ಬ ನ್ಯಾಯಾಧೀಶರೂ ಇಲ್ಲ.

ನನಗೆ ಜಾಸ್ತಿ ಸಿಟ್ಟು ಬಂದದ್ದು ಇನ್ನೊಂದಕ್ಕೆ. ಕಾಯ್ದೆಯ ನಿಯಮಗಳು ಬಂದದ್ದು 2025ರ ನವೆಂಬರ್‌ನಲ್ಲಿ. ನಮ್ಮನ್ನು ಕಾಯುವ ಮುಖ್ಯ ಕಲಮುಗಳು ಜಾರಿಗೆ ಬರಲು ಅಲ್ಲಿಂದ 18 ತಿಂಗಳ ಗಡುವು. ಆದರೆ ಇದೇ ಕಾಯ್ದೆ ಮಾಹಿತಿ ಹಕ್ಕಿಗೆ ಮಾಡಿದ ತಿದ್ದುಪಡಿ ಕೂಡಲೇ ಜಾರಿಗೆ ಬಂತು. ಇನ್ನು "ವೈಯಕ್ತಿಕ ಮಾಹಿತಿ" ಅಂದುಬಿಟ್ಟರೆ ಅರ್ಜಿ ವಾಪಸ್ ಕಳಿಸುವುದು ಕಚೇರಿಗಳಿಗೆ ಸಲೀಸು. ಮುಚ್ಚಿಡಲು ಏನೂ ಇಲ್ಲ ಎಂಬ ನಿಮ್ಮ ಮಾತನ್ನು ಅವರಿಗೂ ಒಮ್ಮೆ ಹೇಳಿ!

ಮೊನ್ನೆ ಮತ್ತೆ ಮಾತ್ರೆಗೆ ಹೋಗಿದ್ದೆ. "ನಂಬರ್ ಕೊಡಲ್ಲಪ್ಪ" ಎಂದೆ. ಹುಡುಗ ಸುಮ್ನೆ ಹತ್ತು ಸಲ 9 ಒತ್ತಿದ. ಬಿಲ್ ಬಂತು.

— ಸಂಪಾದಕ